ಮಾಯವಾದ ಬಿಳಿ ಕಲೆಗೆ ಯಾರು ಜವಾಬ್ದಾರರು?

ಮಾನ್ಯ ವೈದ್ಯಕೀಯ ಪರಿಶೀಲನಾಧಿಕಾರಿಗಳೇ,

ನನ್ನ ಗಂಡ ಕೆಂಪರಾಜ್ ಅವರ ಮೆದುಳಿನಲ್ಲಿದ್ದ ಬಿಳಿ ಕಲೆ ತಮ್ಮ ಪೂರ್ವಾನುಮತಿಯಿಲ್ಲದೆ ಮಾಯವಾಗಿದೆ. ಈ ಅಪರಾಧಕ್ಕಾಗಿ ಅವರು ಮೂರು ತಿಂಗಳಿಂದ ಕೆಲಸಕ್ಕೆ ಹಾಜರಾಗಲಾಗದೆ ಮನೆಯಲ್ಲಿ ಕೂತಿದ್ದಾರೆ. ಕಲೆ ಬಂದಾಗ ರಜೆ ಕೊಟ್ಟವರು ನೀವೇ, ಕಲೆ ಹೋದಾಗ ಕೆಲಸಕ್ಕೆ ಮರಳಲು ಬಿಡದವರೂ ನೀವೇ. ಗಂಡ ಹುಷಾರಾದರೆ ಹೆಂಡತಿ ಯಾವ ನಮೂನೆಯಲ್ಲಿ ಕ್ಷಮೆ ಕೇಳಬೇಕೆಂಬುದು ತಿಳಿಯದೆ ಹೀಗೆ ಎಲ್ಲರೆದುರು ಬರೆಯುತ್ತಿದ್ದೇನೆ.

ನಡೆದದ್ದು ಇಷ್ಟು. ಯುಗಾದಿ ಮುಗಿದ ಮರುವಾರ ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಲ್ಲಿ ಸೊಪ್ಪು ಆರಿಸುತ್ತಿದ್ದ ಇವರಿಗೆ ಫಿಟ್ಸ್ ಬಂತು. ಸಾಮಾನ್ಯವಾಗಿ ಎರಡು ನಿಮಿಷದಲ್ಲಿ ನಿಲ್ಲುತ್ತದಂತೆ. ಇದು ನಿಲ್ಲಲಿಲ್ಲ. ಯಾರೋ ಕೈಗೆ ಬೀಗದಕೈ ಗೊಂಚಲು ತುರುಕಿದರು, ಇನ್ಯಾರೋ ಈರುಳ್ಳಿ ಮೂಸಿಸಿದರು. ಕಬ್ಬಿಣಕ್ಕೂ ಈರುಳ್ಳಿಗೂ ಜಗ್ಗದ ಫಿಟ್ಸ್ ನಲವತ್ತು ನಿಮಿಷ ನಡೆದು ಕೊನೆಗೆ ಆಸ್ಪತ್ರೆಯ ಇಂಜೆಕ್ಷನ್ನಿಗೆ ಬಗ್ಗಿತು. ಆಟೊದಲ್ಲಿ ಅವರ ತಲೆ ನನ್ನ ತೊಡೆಯ ಮೇಲಿತ್ತು. ಅಷ್ಟು ಹೆದರಿಕೆ ನನಗೆ ಹಿಂದೆಂದೂ ಆಗಿರಲಿಲ್ಲ.

ಮೂರನೇ ದಿನ ಎಂಆರ್‌ಐ ಮಾಡಿದರು. ನೆನಪು ಕಾಯುವ ಜಾಗವಂತೆ, ಅದು ಎಡಗಡೆ ಬೆಳ್ಳಗೆ ಊದಿಕೊಂಡಿತ್ತು. ಲಕ್ವ ಹೊಡೆಯಿತೆಂದೇ ನಾನು ಕುಸಿದೆ. ನರರೋಗದ ಡಾಕ್ಟರು ರಿಮ್ಶಾ ಅವರು ಕೂರಿಸಿ ಹೇಳಿದರು: "ಬಾಗಿಲಿಗೆ ಹಣೆ ಹೊಡೆದ್ರೆ ಬುಗುಟು ಬರಲ್ವೇನ್ರೀ? ಹಂಗೇ ಇದು. ಫಿಟ್ಸ್ ತುಂಬಾ ಹೊತ್ತು ನಡೆದ್ರೆ ಮೆದುಳು ಊದ್ಕೊಳ್ಳುತ್ತೆ. ಕೆಲವ್ರಿಗೆ ಇಳಿದುಹೋಗುತ್ತೆ, ಕೆಲವ್ರಿಗೆ ಗುರುತು ಉಳಿದ್ಬಿಡುತ್ತೆ. ಕಾಯೋಣ."

ಕಾದೆವು. ಎರಡು ತಿಂಗಳ ಮೇಲೆ ತೆಗೆದ ಸ್ಕ್ಯಾನಿನಲ್ಲಿ ಕಲೆ ಇರಲಿಲ್ಲ. ಅತ್ತೆ ಬೈರಮ್ಮ ಬೀದಿಗೆಲ್ಲ ಒಬ್ಬಟ್ಟು ಹಂಚಿದರು. ಏಣಿ ಹತ್ತಬೇಡಿ, ಗಾಡಿ ಓಡಿಸಬೇಡಿ, ಮಾತ್ರೆ ಒಂದು ಹೊತ್ತೂ ತಪ್ಪಿಸಬೇಡಿ, ಕೆಲಸಕ್ಕೆ ಹೋಗಿ ಎಂದು ಡಾಕ್ಟರು ಬರೆದುಕೊಟ್ಟರು.

ಅದಕ್ಕೆ ತಾವು ಬರೆದ ಷರಾ ಏನು? "ಮೊದಲ ಹಾಗೂ ಎರಡನೇ ಚಿತ್ರಗಳು ತಾಳೆಯಾಗುತ್ತಿಲ್ಲ. ಸ್ಪಷ್ಟೀಕರಣ ನೀಡುವುದು." ಅಯ್ಯೋ ಸ್ವಾಮಿ, ಮೆದುಳೇನು ಪಡಿತರ ಚೀಟಿಯ ಫೋಟೊವೇ? ಜ್ವರ ಬಿಟ್ಟವನಿಗೆ ಮೊನ್ನೆಯ ಜ್ವರ ತೋರಿಸು ಎನ್ನುತ್ತೀರಾ? ಹೆಸರಿನಲ್ಲಿ ಅಕ್ಷರ ಹೆಚ್ಚುಕಮ್ಮಿಯಾದಾಗ ಮಾಡಿಸುವ ಅಫಿಡವಿಟ್ಟನ್ನೇ ಮೆದುಳಿಗೂ ಮಾಡಿಸಿ ತನ್ನಿ ಎಂದರು ತಮ್ಮ ಗುಮಾಸ್ತರು. ಮಾಡಿಸಿದೆ. ಹಲಸೂರಿನ ನೋಟರಿ ತನ್ನ ಹಳೆಯ ಕರಡನ್ನೇ ತಿದ್ದಿ ಟೈಪು ಮಾಡಿದ: "ಕಲೆಯುಳ್ಳ ಮೆದುಳು ಉರುಫ್ ಕಲೆರಹಿತ ಮೆದುಳು, ಇವೆರಡೂ ಒಬ್ಬನೇ ವ್ಯಕ್ತಿಗೆ ಸೇರಿದವು." ಸಹಿ ಹಾಕುವಾಗ ಅವನೂ ನಗಲಿಲ್ಲ.

ಅದೂ ಸಾಲಲಿಲ್ಲ. ಕಲೆ ಇದ್ದುದಕ್ಕೂ ಈಗ ಇಲ್ಲದ್ದಕ್ಕೂ ನೆರೆಹೊರೆಯವರ ಸಹಿಯುಳ್ಳ ಮಹಜರು ಬೇಕೆಂದಿರಿ. ಪಕ್ಕದ ಮನೆಯ ವಾಜಿದಾ ಪೆನ್ನು ಹಿಡಿದುಕೊಂಡೇ ಕೇಳಿದಳು: "ಸೈನ್ ಹಾಕ್ತೀನಿ ಭವ್ಯಾ, ಅದಕ್ಕೇನಂತೆ. ಆದ್ರೆ ಅಣ್ಣನ ತಲೆ ಒಳಗೆ ನಾನ್ ಯಾವಾಗ್ ಹೋಗಿದ್ದೆ?" ಇದಕ್ಕೆ ಉತ್ತರ ತಮ್ಮಲ್ಲಿದ್ದರೆ ದಯವಿಟ್ಟು ತಿಳಿಸಿ, ಅವಳು ಈಗಲೂ ಕೇಳುತ್ತಿರುತ್ತಾಳೆ.

ಕೊನೆಯ ಸಲ ನಾವಿಬ್ಬರೂ ತಮ್ಮ ಕಚೇರಿಗೆ ಬಂದಾಗ ತಮ್ಮ ಗುಮಾಸ್ತರು ನಮ್ಮ ಮೇಲೆ ಕನಿಕರಪಟ್ಟು ತಗ್ಗಿದ ದನಿಯಲ್ಲಿ ಹೇಳಿದರು: "ಬೇಜಾರ್ ಮಾಡ್ಕೋಬೇಡಿ ಮೇಡಂ. ಎರಡೂ ಸ್ಕ್ಯಾನ್ ಒಂದೇ ಥರ ಇದ್ದಿದ್ರೆ ಇವತ್ತೇ ಸೈನ್ ಆಗೋದು. ಕಲೆ ವಾಪಸ್ ಬಂದ್ಬಿಟ್ರೆ ಫೈಲ್ ಸಲೀಸು." ನಾನು ನಕ್ಕುಬಿಟ್ಟೆ. ನನ್ನ ಗಂಡ ನಗಲಿಲ್ಲ. ಅವರು ಇಪ್ಪತ್ತೊಂದು ವರ್ಷದಿಂದ ಒಂದು ಕಚೇರಿಯ ರೆಕಾರ್ಡ್ ರೂಮಿನ ಅಟೆಂಡರ್. ದಾಖಲೆ ತಾಳೆಯಾಗದಿದ್ದರೆ ತಪ್ಪು ದಾಖಲೆಯದಲ್ಲ, ಮನುಷ್ಯನದು ಎಂದು ಮನಸಾರೆ ನಂಬಿದವರು.

ಕಳೆದ ಶುಕ್ರವಾರ ಬಟ್ಟೆ ನೆನೆಸಲು ಅವರ ಅಂಗಿ ತೆಗೆದುಕೊಂಡೆ. ಜೇಬಿನಲ್ಲಿ ಕಾಗದದ ಪೊಟ್ಟಣ, ಅದರಲ್ಲಿ ಮಾತ್ರೆಗಳು. ಬೆಳಿಗ್ಗೆ ನನ್ನೆದುರೇ ಬಾಯಿಗೆ ಹಾಕಿಕೊಂಡು ನೀರು ಕುಡಿಯುತ್ತಿದ್ದರಲ್ಲ, ಅವೇ.

"ಇದೇನ್ರೀ?" ಎಂದೆ.

"ಫಿಟ್ಸ್ ಒಂದೇ ಒಂದ್ ಸಲ ಬಂದ್ಬಿಡ್ಲಿ ಭವ್ಯಾ," ಎಂದರು. "ಕಲೆ ಕಾಣುತ್ತೆ, ರೆಕಾರ್ಡ್ ತಾಳೆ ಆಗುತ್ತೆ, ಸೋಮವಾರ ಡ್ಯೂಟಿಗೆ ಹೋಗ್ತೀನಿ."

ಮದುವೆಯಾದ ಮೇಲೆ ಮೊದಲ ಸಲ ಅವರ ಕೆನ್ನೆಗೆ ಹೊಡೆದೆ. ಆಮೇಲೆ ನಾನೇ ಅತ್ತುಬಿಟ್ಟೆ. ಫಿಟ್ಸ್ ಇನ್ನೊಂದು ಸಲ ಬಂದರೆ ನಿಲ್ಲುತ್ತದೆಂದು ಯಾರು ಬರೆದುಕೊಡುತ್ತಾರೆ? ನಿಲ್ಲದೆ ಹೋದರೆ ಆ ಚಿತ್ರವನ್ನು ಯಾವುದರೊಂದಿಗೆ ತಾಳೆ ನೋಡುತ್ತೀರಿ?

ಈಗ ದಿನವೂ ಬಾಯಿ ತೆರೆಸಿ, ನಾಲಿಗೆ ಎತ್ತಿಸಿ ನೋಡುತ್ತೇನೆ. ನುಂಗುತ್ತಾರೆ, ಆದರೆ ನನ್ನ ಮಾತಿನ ಮೇಲೆ ನಂಬಿಕೆ ಇಟ್ಟು ಅಲ್ಲ. ಡಾಕ್ಟರು ಹೇಳಿದರೆ "ಅವ್ರಿಗೆ ರೂಲ್ಸ್ ಗೊತ್ತಿಲ್ಲ" ಎನ್ನುತ್ತಾರೆ. ಆದ್ದರಿಂದ ನನ್ನ ಬೇಡಿಕೆ ಕೆಲಸದ್ದಲ್ಲ, ಅದು ಆಮೇಲೆ ನೋಡೋಣ. ನನಗೆ ಬೇಕಾದದ್ದು ತಮ್ಮ ಲೆಟರ್‌ಹೆಡ್ಡಿನ ಮೇಲೆ, ಉಲ್ಲೇಖ ಸಂಖ್ಯೆ ಮತ್ತು ದುಂಡು ಮೊಹರಿನ ಸಮೇತ, ಒಂದೇ ಸಾಲು: "ಶ್ರೀ ಕೆಂಪರಾಜ್ ಇವರು ಗುಣಮುಖರಾಗಿರುವುದಕ್ಕೆ ಈ ಕಚೇರಿಯ ಆಕ್ಷೇಪಣೆ ಇರುವುದಿಲ್ಲ." ನನ್ನ ಗಂಡನ ಹೆಸರಿಗೇ ಕಳಿಸಿ, ಬೇಗ ಕಳಿಸಿ. ನಾನು ಹೇಳಿದರೆ ಕೇಳದವರು, ನೀವು ಹೇಳಿದರೆ ಬದುಕಿಕೊಳ್ಳುತ್ತಾರೆ.

ಇಂತಿ,
ಎರಡು ಮೆದುಳಿನ ಒಬ್ಬನೇ ಗಂಡನ ಹೆಂಡತಿ
ಭವ್ಯ, ಹೊಸ ತಿಪ್ಪಸಂದ್ರ