ಕಂಬಳಿಯಂಚಿನ ಕೆಂಪು ದಾರ

ಸೋಮವಾರ, ಮಧ್ಯಾಹ್ನ

ನನ್ನ ಗುಬ್ಬಿಗೆ,

ಅಮ್ಮನಿಂದ ತುಂಬಾ ಮುದ್ದು, ಜೊತೆಗೆ ಒಂದಿಷ್ಟು ಬೈಗುಳ. ಹೋದ ಸಲದ ಹಡಗೂ ಬಂತು, ಈ ಸಲದ್ದೂ ಬಂತು, ನಿನ್ನಿಂದ ಒಂದು ಸಾಲು ಕಾಗದವಿಲ್ಲ. ಅಷ್ಟು ದೂರದ ದೇಶಕ್ಕೆ ಹೋಗಿ ಕಂಬಳಿ ಗಿರಣಿ ಸೇರಿದವಳಿಗೆ ಹೆತ್ತವಳಿಗೊಂದು ಅಕ್ಷರ ಬರೆಯಲು ಪುರುಸೊತ್ತಿಲ್ಲವೇ? ಈ ಕಾಗದದಲ್ಲಿ ಅಕ್ಷರ ನಿನ್ನ ಅತ್ತಿಗೆಯದು, ಮಾತು ನನ್ನದು. ಟೋಪಿ ಹೆಣೆದು ಹೆಣೆದು ನನ್ನ ಬೆರಳು ಊದಿಕೊಂಡಿವೆ, ಅಷ್ಟೇ. ಬೇರೇನೂ ಇಲ್ಲ. ಕಣ್ಣು, ಕಿವಿ, ಬಾಯಿ ಎಲ್ಲ ಚೆನ್ನಾಗಿವೆ. ಬಾಯಿಯ ವಿಷಯ ನಿನಗೆ ಹೇಳಬೇಕಾಗಿಲ್ಲ.

ಸುದ್ದಿ ಒಳ್ಳೆಯದಲ್ಲ. ಹಡಗು ನಿಲ್ಲುತ್ತದೆ. ನಮ್ಮ ಸರ್ಕಾರವೂ ಅಲ್ಲಿಯದೂ ಸೇರಿ ಟೋಪಿ-ಕಂಬಳಿ ವ್ಯಾಪಾರದ ಒಪ್ಪಂದಕ್ಕೆ ಎಳ್ಳುನೀರು ಬಿಟ್ಟಿವೆ. ಈ ಕಾಗದ ತರುವ ಹಡಗು ನಮ್ಮ ಹುಲ್ಲಿನ ಟೋಪಿಗಳನ್ನು ಅಲ್ಲಿ ಇಳಿಸಿ, ನಿಮ್ಮ ಗಿರಣಿಯ ಕಂಬಳಿ ತುಂಬಿಕೊಂಡು ಇನ್ನೊಂದು ಸಲ ಇಲ್ಲಿಗೆ ಬರುತ್ತದೆ. ಆಮೇಲೆ ಮುಗಿಯಿತು. ಬೇರೆ ದಾರಿ ಹಿಡಿಯಬೇಕೆಂದರೆ ಯಾವ ಯಾವ ದೇಶ ಸುತ್ತಬೇಕೋ, ಅದು ನಮ್ಮಂಥವರ ಕೈಗೆಟುಕುವ ಮಾತಲ್ಲ. ಕಾಗದವಾದರೂ ಹೋಗುತ್ತದೆಯೇ ಎಂದು ಅಂಚೆಯವನನ್ನು ಕೇಳಿದರೆ ಅವನೂ ತಲೆ ಕೆರೆದುಕೊಂಡನಂತೆ.

ವ್ಯಾಪಾರ ಇಲಾಖೆಯ ಅಧಿಕಾರಿಯೊಬ್ಬ ಇದನ್ನು ಹೇಳಲು ನಾವು ಟೋಪಿ ಹೆಣೆಯುವ ಶೆಡ್ಡಿಗೇ ಬಂದಿದ್ದ. ದನಿ ಕೇಳಿದರೆ ಇನ್ನೂ ಮೀಸೆ ಮೂಡದವನ ಹಾಗಿತ್ತು. "ಸೆಕೆಯಲ್ಲಿ ಬೇಯೋ ನಮಗೆ ಕಂಬಳಿ ಯಾಕಮ್ಮ? ಬಿಸಿಲೇ ಕಾಣದ ಅವರಿಗೆ ಟೋಪಿ ಯಾಕೆ? ಈ ವ್ಯಾಪಾರ ಯಾರಿಗೋಸ್ಕರ, ನೀವೇ ಹೇಳಿ" ಅಂದ. ಹೆಂಗಸರೆಲ್ಲ ನಕ್ಕರು. ನಗದೆ ಇನ್ನೇನು ಮಾಡುತ್ತಾರೆ? ಇಲ್ಲಿ ಕಂಬಳಿ ಕೊಳ್ಳುವವನು ಮಂಜುಗಡ್ಡೆ ಮಾರುವವನೊಬ್ಬನೇ, ಅದೂ ಗಡ್ಡೆ ಕರಗದಂತೆ ಸುತ್ತಿಡುವುದಕ್ಕೆ. ನಮ್ಮ ಟೋಪಿಯಲ್ಲಿ ಅಲ್ಲಿಯವರು ಕೋಳಿಯನ್ನು ಕಾವಿಗೆ ಕೂರಿಸುತ್ತಾರೆಂದು ನೀನೇ ಬರೆದಿದ್ದೆಯಲ್ಲ. ನನಗೆ ಮಾತ್ರ ನಗು ಬರಲಿಲ್ಲ. ನನಗೋಸ್ಕರ, ನನ್ನ ಮಗಳಿಗೋಸ್ಕರ ಎಂದು ಹೇಳಲು ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡೆ.

ನೀನು ಅಲ್ಲಿಯ ಗಿರಣಿ ಮೇಸ್ತ್ರಿಯನ್ನು ಕಟ್ಟಿಕೊಂಡಾಗ ನಾವಿಬ್ಬರೂ ಮಾತು ಬಿಟ್ಟಿದ್ದೆವು, ನೆನಪಿದೆಯೇ? ಆಗಲೂ ಮೂಟೆ ಬಿಚ್ಚಿದರೆ ಯಾವುದೋ ಒಂದು ಕಂಬಳಿಯ ಮೂಲೆಯಲ್ಲಿ ನಿನ್ನ ಕೆಂಪು ದಾರದ ಹೊಲಿಗೆ ಇರುತ್ತಿತ್ತು. "ಇದ್ದೀನಿ ಕಣಮ್ಮ" ಅಂದ ಹಾಗೆ. ಟೋಪಿ ಕಟ್ಟಿ ಕಳಿಸುವವರೂ, ಬಂದ ಕಂಬಳಿಗೆ ಹುಳು ಹಿಡಿದಿದೆಯೇ ಎಂದು ನೋಡುವವರೂ ನಮ್ಮ ಶೆಡ್ಡಿನವರೇ ಆದ್ದರಿಂದ ಅದು ನನ್ನ ಕೈ ತಪ್ಪುತ್ತಿರಲಿಲ್ಲ. ಹಟಕ್ಕೆ ಬಿದ್ದು ನಾನೂ ಒಂದು ಟೋಪಿಯ ಒಳಗೆ ಕೆಂಪು ದಾರ ಸುತ್ತಿ ಕಳಿಸಲು ಶುರು ಮಾಡಿದೆ. ಮಾತು ಬಿಟ್ಟವರ ಮಾತುಕತೆ ಹೀಗೆ ನಡೆದಿತ್ತು.

ಹೋದ ಹಡಗಿನ ಕಂಬಳಿಗಳಲ್ಲಿ ಅದು ಸಿಗಲಿಲ್ಲ. ಅಂದಿನಿಂದ ಅನ್ನ ಸೇರಲಿಲ್ಲ. ಈ ಸಲ ಮೂಟೆಗಳ ಪಕ್ಕ ಬಿಟ್ಟು ಏಳಲಿಲ್ಲ. ಕೊನೆಯ ಮೂಟೆಯಲ್ಲಿ ನಿನ್ನ ಅತ್ತಿಗೆ "ಅತ್ತೆ, ಸಿಕ್ತು!" ಎಂದು ಕೂಗಿ, ನನ್ನ ಬೆರಳು ಹಿಡಿದು ಮೂಲೆಯ ಮೇಲೆ ಇಟ್ಟಳು. ಗುಬ್ಬಿ, ಆ ನಾರುವ ಉಣ್ಣೆಯಲ್ಲಿ ಮುಖ ಹುದುಗಿಸಿ ಅತ್ತುಬಿಟ್ಟೆ. ಕಾಗದ ಬರದಿದ್ದರೆ ಹಾಳಾಗಿ ಹೋಗಲಿ, ದಾರ ಬಂತಲ್ಲ. ಈ ಸಲ ಹೊಲಿಗೆ ಬಿಗಿಯಾಗಿದೆ. ನಿನ್ನದು ಯಾವಾಗಲೂ ಸಡಿಲ, ಎಷ್ಟು ಬೈದರೂ ದಾರ ಎಳೆದು ಕಟ್ಟುತ್ತಿರಲಿಲ್ಲ. ಅಂತೂ ಕಲಿತೆ. ಯಾರು ಕಲಿಸಿದರೋ.

ಕಪ್ತಾನನ ಹತ್ತಿರ ಮಾತಾಡಿದ್ದೇನೆ. ವಾಪಸು ಬರುವಾಗ ನಿನಗೊಂದು ಜಾಗ ಕೊಡುತ್ತಾನಂತೆ, ಅಡುಗೆಯವನ ಪಕ್ಕದ ಇಕ್ಕಟ್ಟಾದ ಕೋಣೆ. ಬಾ ಎನ್ನುತ್ತಿಲ್ಲ. ಬಂದರೆ ಮತ್ತೆ ಗಂಡನ ಹತ್ತಿರ ಹೋಗಲು ಹಡಗಿರುವುದಿಲ್ಲ. ಹಾಗಿರುವಾಗ ಯಾವ ಬಾಯಲ್ಲಿ ಬಾ ಎನ್ನಲಿ? ಆದರೆ ನಿನ್ನ ಮಂಚದ ಮೇಲೆ ಹುಲ್ಲಿನ ಕಟ್ಟು ಇಡಲು ನಾನು ಇವತ್ತಿಗೂ ಯಾರನ್ನೂ ಬಿಟ್ಟಿಲ್ಲ. ನೀನು ಬರದಿದ್ದರೆ ನನಗೆ ಕೋಪವಿಲ್ಲ. ಇದೆ, ಆದರೆ ತಡೆದುಕೊಳ್ಳುತ್ತೇನೆ.

ಈ ಸಲವೂ ಒಂದು ಟೋಪಿಯಲ್ಲಿ ದಾರ ಸುತ್ತಿದ್ದೇನೆ, ಹುಡುಕು. ಹೆಣಿಗೆ ಅಲ್ಲಲ್ಲಿ ಸೊಟ್ಟಗಿದ್ದರೆ ನಗಬೇಡ.

ನಿನ್ನ ದಾರಿ ಕಾಯುತ್ತಿರುವ,
ಅಮ್ಮ

ತಾ.ಕ.: ಗುಬ್ಬಿ, ಇದು ನಾನು, ಅತ್ತಿಗೆ. ಇಷ್ಟನ್ನು ಅತ್ತೆಗೆ ಓದಿ ಹೇಳುವುದಿಲ್ಲ. ಕಳೆದ ಬೇಸಿಗೆಯಿಂದ ಅವರಿಗೆ ಕಣ್ಣು ಕಾಣುವುದಿಲ್ಲ. ಬರೀ ಬೆರಳ ಅಂದಾಜಿನಲ್ಲಿ ಹೆಣೆಯುತ್ತಾರೆ. ನಿನಗೆ ತಿಳಿಸಬಾರದೆಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದಾರೆ. ಈ ಸಲದ ಯಾವ ಮೂಟೆಯಲ್ಲೂ ನಿನ್ನ ದಾರ ಇರಲಿಲ್ಲ. ಒಂದೊಂದು ಕಂಬಳಿಯನ್ನೂ ತಿರುಗಿಸಿ ಮುರುಗಿಸಿ ನೋಡಿದೆ. ಅತ್ತೆಯ ಮುಖ ನೋಡಲಾಗದೆ, ನೀರು ಕುಡಿದು ಬರುತ್ತೇನೆಂದು ಒಂದು ಕಂಬಳಿಯನ್ನು ಹಿತ್ತಲಿಗೆ ಒಯ್ದು, ಅವಸರದಲ್ಲಿ ಹೊಲಿದು ತಂದೆ. ಆ ಬಿಗಿಯಾದ ಹೊಲಿಗೆ ನನ್ನದು. ಅವರು ನಿಜವಾಗಿ ನಂಬಿದರೋ, ನನ್ನ ಮನಸ್ಸು ನೋಯಬಾರದೆಂದು ನಂಬಿದ ಹಾಗೆ ಇದ್ದಾರೋ ನನಗೆ ತಿಳಿಯುತ್ತಿಲ್ಲ. ದಿನಕ್ಕೊಂದು ಸಲ ಆ ಮೂಲೆಯನ್ನು ಮುಟ್ಟಿ ಮಡಚಿ ಇಡುತ್ತಾರೆ. ನಿನಗೆ ಏನಾಗಿದೆ ಎಂದು ನನಗಾದರೂ ಬರೆ. ಬರೆಯಲೂ ಆಗದಿದ್ದರೆ, ಬರಲೂ ಆಗದಿದ್ದರೆ, ಕೊನೆಯ ಹಡಗಿನ ಒಂದು ಕಂಬಳಿಗೆ ಒಂದೇ ಒಂದು ಹೊಲಿಗೆ ಹಾಕು. ಸಡಿಲವಾಗಿಯೇ ಇರಲಿ.