ಸಿಡಿ ಆಯಿಯ ಡಬ್ಬಿ

ಮಸ್ಕಿ
೧೭ ನವೆಂಬರ್ ೨೦೨೪, ಭಾನುವಾರ

ಪ್ರೀತಿಯ ಅಪ್ಪಾ,

ಭೀಮೇಶನ ಜೈಭೀಮ್. ಇಲ್ಲಿ ನಾವೆಲ್ಲ ಉಸಿರಾಡಿಕೊಂಡಿದ್ದೇವೆ; ಅವ್ವ ಜೋರಾಗಿ, ನಾನು ಸುಸ್ತಾಗಿ. ನಿನ್ನ ತಲೆಸುತ್ತು ಹೇಗಿದೆ? ಮೊನ್ನೆ ಬಚ್ಚಲ ಬಾಗಿಲಲ್ಲಿ ಕಣ್ಣಿಗೆ ಕತ್ತಲೆ ಬಂದು ಕುಸಿದು ಕುಳಿತೆಯಂತೆ. ಮೇಘಾ ಫೋನಿನಲ್ಲಿ ಅತ್ತಳು. ಮಗಳ ಮನೆಯಲ್ಲಿದ್ದೀಯ, ಲಿಂಗಸುಗೂರಿನ ಆಸ್ಪತ್ರೆ ಹತ್ತಿರದಲ್ಲಿದೆ ಎಂಬುದೊಂದೇ ನಮ್ಮ ಧೈರ್ಯ. ನಿನಗೇ ಫೋನ್ ಮಾಡೋಣವೆಂದರೆ "ಯಾರು? ಜೋರಾಗಿ ಮಾತಾಡು!" ಎಂದು ನೀನು, "ನಾನಪಾ, ನಾನು!" ಎಂದು ನಾನು, ಕೊನೆಗೆ ಓಣಿಗೆಲ್ಲ ತಿಳಿಯುತ್ತದೆ, ನಿನಗೊಬ್ಬನಿಗೆ ತಿಳಿಯುವುದಿಲ್ಲ. ಕಿವಿ ಕೈಕೊಟ್ಟರೂ ಕಣ್ಣು ಇನ್ನೂ ನಿನ್ನ ಪಕ್ಷದಲ್ಲಿದೆ, ಅದಕ್ಕೇ ಈ ಕಾಗದ.

ರಾಯಚೂರಿನ ಡಾಕ್ಟರು ಹೇಳಿದ್ದನ್ನು ಮತ್ತೆ ಹೇಳುವುದಿಲ್ಲ. ಎದೆಬಡಿತ ನಡುನಡುವೆ ತಪ್ಪುತ್ತಿದೆ, ಹೆಗಲೆಲುಬಿನ ಕೆಳಗೆ ಚರ್ಮದೊಳಗೆ ಪೇಸ್‌ಮೇಕರ್ ಎಂಬ ಸಣ್ಣ ಡಬ್ಬಿ ಇಡಬೇಕು, ಇಲ್ಲವಾದರೆ ಯಾವತ್ತೋ ಒಂದು ದಿನ ನಿಂತದ್ದು ನಿಂತೇ ಹೋಗುತ್ತದೆ ಎಂದರು. ನೀನು ಅಂಗಿಯ ಗುಂಡಿ ಹಾಕಿಕೊಳ್ಳುತ್ತ, "ಇಷ್ಟು ವರ್ಷ ಅಸಲಿ ಸಾಮಾನಿನ ಮ್ಯಾಲೇ ಓಡೀನ್ರಿ ಸಾಹೇಬ್ರ. ಈ ವಯಸ್ಸಿನಾಗ ಡೂಪ್ಲಿಕೇಟ್ ಹಾಕಿಸ್ಕೊಂಡು ಬದುಕಂಗಿಲ್ಲ" ಎಂದು ಎದ್ದು ಬಂದೆ. ಆರೋಗ್ಯ ಇಲಾಖೆಯಲ್ಲಿದ್ದಾಗ ತುರ್ವಿಹಾಳ, ಬಳಗಾನೂರಿನ ಮನೆಮನೆಗೆ ಹೋಗಿ, ಜ್ವರ ಬಂದವರನ್ನು ರಮಿಸಿ, ಗದರಿಸಿ, ಬೆರಳು ಚುಚ್ಚಿ ರಕ್ತ ತೆಗೆದವನು ನೀನು. ಊರಿಗೆಲ್ಲ ಸೂಜಿ, ತನಗೆ ಬಂದರೆ ಗೋಜಿ. ಸಿಟ್ಟಾಗಬೇಡ. ಬಿ.ಎ.ಯಲ್ಲಿ ಕಲಿತದ್ದರಲ್ಲಿ ಪ್ರಾಸವೊಂದು ಉಳಿದಿದೆ, ಸಿಂಧನೂರಿನ ಮಿಲ್ಲಿನಲ್ಲಿ ತೂಕದ ಚೀಟಿ ಬರೆಯಲು ಅದೂ ಬೇಕಾಗುವುದಿಲ್ಲ. ಇರಲಿ. ಆ ಮಾತು ಎತ್ತಿ ಎತ್ತಿ ನನ್ನ ನಾಲಿಗೆ ಸೋತಿದೆ. ಇವತ್ತು ನಿನ್ನ ಗಾಡಿಯ ಸುದ್ದಿ.

ಗಾಡಿ ನಿಂತಿತ್ತಪ್ಪಾ. ನಿನ್ನ ಹಾಗೆಯೇ ನಿಂತಿತು ಎಂದರೆ ಬೈಯುತ್ತೀಯ, ಆದರೆ ಅದು ನಿಂತದ್ದು ಹಾಗೆಯೇ. ತಣ್ಣಗಿದ್ದಾಗ ಒಂದೇ ಒದೆತಕ್ಕೆ ಎದ್ದು ಹೊರಡುವುದು, ಬಿಸಿಯಾದೊಡನೆ ನಡುದಾರಿಯಲ್ಲಿ ಉಸಿರು ಕಳೆದುಕೊಳ್ಳುವುದು, ಗಿಡದ ನೆರಳಲ್ಲಿ ಸ್ವಲ್ಪ ಹೊತ್ತು ಕೂತರೆ ಏನೂ ಆಗೇ ಇಲ್ಲ ಎಂಬಂತೆ ಮತ್ತೆ ಹೊರಡುವುದು. ಈಗ ನೆಲ್ಲಿನ ಸುಗ್ಗಿ ನಿನಗೆ ಗೊತ್ತಲ್ಲ, ಮಿಲ್ಲಿನಲ್ಲಿ ತಲೆ ಎತ್ತಲು ಬಿಡುವಿಲ್ಲ. ದಣಿದು ಬರುವಾಗ ಬಳಗಾನೂರಿನ ಹತ್ತಿರ ಅದು ಕೈಕೊಟ್ಟಿತು. ರಸ್ತೆಯ ಅರ್ಧಕ್ಕೆ ನೆಲ್ಲು ಹರವಿದ್ದರು, ಉಳಿದರ್ಧದಲ್ಲಿ ನಾನು ಗಾಡಿ ದಬ್ಬುತ್ತಿದ್ದೆ. ಎದುರಾದವರೆಲ್ಲ ಕೇಳಿದ್ದು ಒಂದೇ: "ಪೆಟ್ರೋಲ್ ಐತಿಲ್ಲೋ ನೋಡಿದ್ಯಾ?" ನೆಲ್ಲು ಕಾಯುತ್ತ ಕುಳಿತ ಮುದುಕಿಯೊಬ್ಬಳು ಮಾತ್ರ, "ಮಾರಿಬಿಡು ಯಪ್ಪಾ, ನೀ ಅದನ್ನ ಹತ್ತೀಯೋ, ಅದು ನಿನ್ನ ಹತ್ತೈತೋ?" ಎಂದು ನಕ್ಕಳು. ಉತ್ತರ ಕೊಡುವಷ್ಟು ಉಸಿರು ನನ್ನಲ್ಲಿರಲಿಲ್ಲ, ನಗುವಷ್ಟು ಇತ್ತು.

ಗೌಸ್‌ಸಾಬ್ ಕಾಕಾನ ಗ್ಯಾರೇಜಿಗೆ ಹಾಕಿದೆ. ಬೇರೆಯವರು ಮುಟ್ಟಿದರೆ ನೀನು ಸುಮ್ಮನಿರುವವನಲ್ಲ. ಗಾಡಿ ಬಿಸಿಯಿದ್ದಾಗಲೇ ಕಾಕಾ ಪ್ಲಗ್ ಬಿಚ್ಚಿ ಎಂಜಿನ್ನಿಗೆ ತಾಗಿಸಿ ಹಿಡಿದು, "ಒದಿ" ಎಂದ. ಒದ್ದೆ. ಕಿಡಿ ಇಲ್ಲ. ಮತ್ತೆ ಒದ್ದೆ. ಕಿಡಿಯ ನೆರಳೂ ಇಲ್ಲ. "ಸಿಡಿಐ ಹೋಗೈತಿ ಬೇಟಾ" ಎಂದ. ಪ್ಲಗ್ಗಿಗೆ ಕಿಡಿ ಕಳಿಸುವ ಕರೀ ಡಬ್ಬಿಗೆ ಸಿಡಿಐ ಎನ್ನುತ್ತಾರಂತೆ. ಸಿಡಿಐ ಸತ್ತರೆ ಕಿಡಿ ಇಲ್ಲ, ಕಿಡಿ ಇಲ್ಲದಿದ್ದರೆ ಗಾಡಿ ಇಲ್ಲ. ನನ್ನ ಜೀವಮಾನದಲ್ಲಿ ಇಷ್ಟು ಸಲೀಸಾಗಿ ಪ್ರಾಸ ಕೂಡಿದ್ದು ಇದೇ ಮೊದಲು, ಅದೂ ನನ್ನ ಖರ್ಚಿನಲ್ಲಿ.

ಮನೆಗೆ ಬಂದು ಅವ್ವನಿಗೆ, "ಸಿಡಿಐ ಹೋಗೈತಂತಬೇ" ಎಂದೆ. ಅವ್ವ ಕೈಯಲ್ಲಿದ್ದ ರೊಟ್ಟಿ ಹಿಟ್ಟನ್ನು ಹಾಗೇ ಬಿಟ್ಟು ಎದ್ದಳು. "ಸಿಡಿ ಆಯಿ ಹೋದ್ಲಾ? ಎಲ್ಲಿಗೆ ಹೋದ್ಲು? ಯಾಕ ಮುನಿದ್ಲು?" ಆಕೆಗೆ ಅದು ಯಾವುದೋ ಮರೆತುಹೋದ ದೇವಿಯ ಹೆಸರಾಗಿ ಕೇಳಿಸಿತ್ತು. ಡಬ್ಬಿ ಎಂದೆ, ವೈರು ಎಂದೆ, ಕರೆಂಟು ಎಂದೆ. "ಡಬ್ಬಿಯಾಗ ದೇವರು ಇರಬಾರದೇನು? ನಮ್ಮವ್ವನ ದೇವರ ಜಗುಲಿ ಮ್ಯಾಲೆ ದೇವಿ ಡಬ್ಬಿಯಾಗೇ ಇದ್ಲು" ಎಂದು ನನ್ನ ಬಾಯಿ ಮುಚ್ಚಿಸಿದಳು. ಸಂಜೆಗೆ ಪಕ್ಕದ ಮನೆಯ ಅಯ್ಯಮ್ಮ ಅರಿಶಿನ ಹಿಡಿದು ಬಂದಳು. ಲಾಲಪ್ಪನ ಗಾಡಿ ಮೇಲೆ, ಅಂದರೆ ನಿನ್ನ ಗಾಡಿ ಮೇಲೆ, ಸಿಡಿ ಆಯಿ ಮುನಿಸಿಕೊಂಡಿದ್ದಾಳೆ ಎಂಬುದು ಬೆಳಗಾಗುವುದರೊಳಗೆ ಓಣಿಯಲ್ಲಿ ಇತಿಹಾಸವಾಗಿತ್ತು. ಅವ್ವ ಹೋಳಿಗೆಯ ಹರಕೆ ಹೊತ್ತಿದ್ದಾಳೆ. ಕಣ್ಣು ಮುಚ್ಚಿ ಏನು ಬೇಡಿಕೊಂಡಳೆಂದು ಕೇಳು: "ಆಯಿ, ಗಾಡಿ ಚಾಲೂ ಮಾಡು, ಗಾಡಿಯವನನ್ನೂ ಚಾಲೂ ಇಡು." ನಾನು ನಗಬೇಕೆಂದು ಬಾಯಿ ತೆರೆದವನು ಹಾಗೇ ಮುಚ್ಚಿದೆ. ಗೋಡೆಯ ಮೇಲಿನ ಬುದ್ಧ ಮಾತ್ರ ಎಂದಿನಂತೆ ನಗುತ್ತಿದ್ದ.

ಅಸಲಿಯೇ ತರಬೇಕೆಂದು ನಾನೂ ತಿರುಗಿದೆನಪ್ಪಾ, ನಂಬು. ಸಿಂಧನೂರಿನ ಸ್ಪೇರ್ ಅಂಗಡಿಯವನು ಹಳೇ ಡಬ್ಬಿಯ ಹೆಸರು ಕೇಳಿ, ಸತ್ತವರ ವಿಳಾಸ ಕೇಳಿದವನನ್ನು ನೋಡುವಂತೆ ನನ್ನನ್ನು ನೋಡಿದ. ಅದು ಈಗ ತಯಾರಾಗುವುದೇ ಇಲ್ಲವಂತೆ. ಹಳೇ ಗಾಡಿಗಳ ಶೋಕಿಯವರ ಹತ್ತಿರ ಸಿಕ್ಕರೂ ಅವರು ಹೇಳುವ ಬೆಲೆಗೆ ಇನ್ನೊಂದು ಗಾಡಿಯೇ ಬರುತ್ತದೆ. ಕೊನೆಗೆ ಅವನೇ ಕೌಂಟರಿನ ಕೆಳಗಿನಿಂದ ಬೇರೆ ಯಾವುದೋ ಗಾಡಿಯ ಸಣ್ಣ ಡಬ್ಬಿ ತೆಗೆದು, "ಇದನ್ನ ಒಯ್ರಿ ಸರ್. ಹೆಸರಿಲ್ಲ, ಆದ್ರ ಉಸಿರೈತಿ" ಎಂದ. ಪ್ರಾಸಕ್ಕೆ ಸೋತು ಕೊಂಡೆ.

ಕೂಡಿಸುವುದು ಸುಲಭವಿರಲಿಲ್ಲ. ಇದರ ಬಾಯಿ ಬೇರೆ, ಅದರ ಬಾಯಿ ಬೇರೆ. ಅತ್ತೆ ಸೊಸೆಯಂತೆ ಒಂದಕ್ಕೊಂದು ಹೊಂದಲಿಲ್ಲ. ಕಾಕಾ ಸಾಕೆಟ್ ಕತ್ತರಿಸಿ, ವೈರಿಗೆ ವೈರು ಹೊಸೆದು ಟೇಪು ಸುತ್ತಿದ. ಮೊದಲ ಸಲ ಒಂದು ವೈರು ಅದಲುಬದಲಾಗಿ ಸೈಲೆನ್ಸರ್ ಢಂ ಎಂದಿತು, ಎದುರಿನ ಹೋಟೆಲಿನವರು ಚಹಾ ಬಿಟ್ಟು ಹೊರಗೆ ಬಂದರು. "ಹೆದರಬ್ಯಾಡ್ರೋ, ಲಾಲಪ್ಪ ಕೆಮ್ಮಿದ" ಎಂದು ಕಾಕಾ ಕೂಗಿದ. ಎರಡನೆಯ ಸಲ ಒದ್ದೆ. ಎದ್ದಿತು! ಬಿಸಿಯಾಗಲೆಂದೇ ಗುರುಗುಂಟಾದವರೆಗೆ ಓಡಿಸಿದೆ. ಒಮ್ಮೆಯೂ ತಡವರಿಸಲಿಲ್ಲ. ಸದ್ದು ಅದೇ, ನೀನು ಬಂದೆಯೆಂದು ಅವ್ವ ಒಲೆ ಹೊತ್ತಿಸುತ್ತಿದ್ದ ಆ ಸದ್ದೇ. ಮನೆಯ ಮುಂದೆ ನಿಲ್ಲಿಸಿದಾಗ ಅವ್ವ ಓಡಿ ಬಂದವಳು ನನ್ನನ್ನು ಕಂಡು ಸ್ವಲ್ಪ ಸಪ್ಪಗಾದಳು. ಆಮೇಲೆ ಡಬ್ಬಿ ಎಲ್ಲಿದೆ ಎಂದು ಕೇಳಿ, ಟ್ಯಾಂಕಿನ ಕೆಳಗೆ ಕೈ ಹಾಕಿ ಅದಕ್ಕೆ ಕುಂಕುಮ ಹಚ್ಚಿದಳು.

ಡೂಪ್ಲಿಕೇಟ್ ಹಾಕಿಸಿದೆನೆಂದು ನಿನಗೆ ಸಿಟ್ಟು ಬರುತ್ತದೆ. ದೇವರನ್ನು ನಂಬದ ನೀನು ಕಂಪನಿಯ ಮುದ್ರೆಯನ್ನು ನಂಬಿದವನು. ಬೈಯುವುದೆಲ್ಲ ಬಂದಾಗ ಬೈ. ಮಾತ್ರೆ ತಪ್ಪಿಸಬೇಡ, ಬಚ್ಚಲಿಗೆ ಒಬ್ಬನೇ ಹೋಗಬೇಡ, ಮೇಘಾಳನ್ನು ಅಳಿಸಬೇಡ. ನಿನ್ನ ಸೊಸೆ ಅನುಪಮಾ ನಿನಗೆ ನಮಸ್ಕಾರ ತಿಳಿಸಿದ್ದಾಳೆ. ಅವ್ವ ಏನೂ ತಿಳಿಸಿಲ್ಲ, ಬರೆಯಲು ಕುಳಿತಾಗಿನಿಂದ ನನ್ನ ಹಿಂದೆಯೇ ನಿಂತಿದ್ದಾಳೆ.

ನಿನ್ನ ದಣಿದ ಮಗ,
ಭೀಮೇಶ

ತಾ.ಕ.: ಈ ಕಾಗದ ಒಯ್ಯುವ ಅಯ್ಯಮ್ಮ ಲಿಂಗಸುಗೂರಿಗೆ ಹೊರಟಿದ್ದಾಳೆ, ಬಸ್ಸು ತಪ್ಪುತ್ತದೆಂದು ಬಾಗಿಲಲ್ಲಿ ಒದರುತ್ತಿದ್ದಾಳೆ, ಆದ್ದರಿಂದ ಬೇಗ ಬರೆಯುತ್ತೇನೆ. ಹಳೇ ಡಬ್ಬಿ ಬಿಚ್ಚುವಾಗ ಅದರ ಮೇಲಿನ ಕಂಪನಿ ಚೀಟಿ ಕಳಚಿ ಕೈಗೆ ಬಂತು. ಚೀಟಿಯ ಹಿಂಬದಿಯೆಲ್ಲ ಪಂಕ್ಚರ್ ಸಲೂಷನ್ ಅಂಟು ಒಣಗಿತ್ತು. ಕೆಳಗೆ ನೋಡಿದರೆ ಬೇರೆಯದೇ ಹೆಸರಿನ ಡಬ್ಬಿ. ಗೌಸ್‌ಸಾಬ್ ಕಾಕಾ ಮೋರೆ ತಗ್ಗಿಸಿ ಹೇಳಿದ: "ಅವನ ಅಸಲಿ ಡಬ್ಬಿ ಸತ್ತು ಇಪ್ಪತ್ತು ವರ್ಸದ ಮ್ಯಾಲಾತು ಬೇಟಾ. ತುರ್ವಿಹಾಳದಾಗ ಜ್ವರ ಎದ್ದಿತ್ತು, ಮುಂಜಾನಿಗೇ ಗಾಡಿ ಬೇಕಂತ ಕುಂತುಬಿಟ್ಟ. ಅಸಲಿ ಸಿಗಲಿಲ್ಲ, ಡೂಪ್ಲಿಕೇಟ್ ಅಂದ್ರ ಮುಟ್ಟಂಗಿಲ್ಲ. ಬ್ಯಾರೇದು ಹಾಕಿ ಹಳೇ ಚೀಟಿ ಹಚ್ಚಿದೆ. ಹೇಳಬ್ಯಾಡಲೇ ಅವಗ." ಹೇಳಿಬಿಟ್ಟೆ. ಇಷ್ಟು ವರ್ಷ ನೀನು ಓಡಿದ್ದು ಹೊರಗಿನ ಡಬ್ಬಿಯ ಮೇಲೆಯೇ ಅಪ್ಪಾ, ನಿನಗೂ ಗೊತ್ತಾಗಲಿಲ್ಲ, ಗಾಡಿಗೂ ಗೊತ್ತಾಗಲಿಲ್ಲ. ಕಾಕಾನ ಮೇಲೆ ಸಿಟ್ಟಾಗುವುದಾದರೆ ಬದುಕಿ ಬಂದು ಆಗು. ರಾಯಚೂರಿನಲ್ಲಿ ಗುರುವಾರ ಪೇಸ್‌ಮೇಕರ್ ಇಡಿಸಲು ನಿನ್ನ ಹೆಸರು ಬರೆಸಿದ್ದೇವೆ. ಬುಧವಾರ ನಾನು ಅದೇ ಗಾಡಿಯಲ್ಲಿ ಬರುತ್ತೇನೆ, ಬಾಗಿಲಲ್ಲಿ ಕೂತು ಸದ್ದು ಕೇಳು, ಕಿವಿಗೆ ಕೇಳಿಸದಿದ್ದರೆ ಟ್ಯಾಂಕಿನ ಮೇಲೆ ಕೈಯಿಡು. ಆ ಚೀಟಿಯನ್ನು ಈ ಕಾಗದದೊಳಗೆ ಇಟ್ಟಿದ್ದೇನೆ. ಡಾಕ್ಟರಿಗೆ ಕೊಡು, ಹೊಸ ಡಬ್ಬಿಯ ಮೇಲೆ ಅಂಟಿಸಿ ಒಳಗಿಡಲಿ.