ಗಿಡ್ಡ ಕುತ್ತಿಗೆಯ ಗಿಟಾರು

ಹುಣಸೂರು
2-12-2001

ಪ್ರೀತಿಯ ಬೃಂದಕ್ಕನಿಗೆ ನಿನ್ನ ತಮ್ಮ ವಸಂತನ ನಮಸ್ಕಾರಗಳು.

ಇಲ್ಲಿ ನಾನು, ಮೀನಾ ಗಂಡಹೆಂಡತಿ ಇಬ್ಬರೂ ಆರೋಗ್ಯವಾಗಿದ್ದೇವೆ. ಶಿವಮೊಗ್ಗದಲ್ಲಿ ನೀವೆಲ್ಲ ಹಾಗೇ ಇದ್ದೀರೆಂದು ನಂಬಿದ್ದೇನೆ. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ, ಬೈಕೋಬೇಡ ಅಕ್ಕ. ಬಲಗೈ ಸರಿಯಾಗೇ ಇದೆ, ಬರೆಯೋಕೆ ಅಡ್ಡಿಯೇನಿಲ್ಲ. ಪೆನ್ನು ಹಿಡಿದು ಕೂತರೆ ಏನು ಬರೆಯಬೇಕು ಅಂತಲೇ ತೋಚುತ್ತಿರಲಿಲ್ಲ.

ನಿನ್ನ ಮಗ ಮುರಿದುಹಾಕಿದ್ದ ಆ ಚಿಕ್ಕ ಗಿಟಾರನ್ನ ಬಸ್ಸಿನಲ್ಲಿ ಕಳಿಸಿದ್ದೆಯಲ್ಲ, ಅದು ಏನಾಯಿತು ಅಂತ ಕೇಳಿದ್ದೀಯ. ಹೇಳ್ತೀನಿ.

ಸಾಮಿಲ್ಲಿನ ಗರಗಸಕ್ಕೆ ಎಡಗೈಯ ಉಂಗುರದ ಬೆರಳು, ಕಿರುಬೆರಳು ಹೋದ ಮೇಲೆ ನನ್ನ ಗಿಟಾರು ಬೀರುವಿನ ಮೇಲೇ ಇತ್ತು. ಮೀನಾ ಅದಕ್ಕೊಂದು ಹಳೇ ಸೀರೆ ಹೊದಿಸಿದ್ದಳು, ನನ್ನ ಕಣ್ಣಿಗೆ ಬೀಳದಿರಲಿ ಅಂತ. ಅವಳಿಲ್ಲದಾಗ ಒಂದು ಮಧ್ಯಾಹ್ನ ಕೆಳಗಿಳಿಸಿದೆ. ಉಳಿದಿರುವ ಬೆರಳುಗಳು ಕುತ್ತಿಗೆಯ ಮೇಲಿನ ಒಂದು ಫ್ರೆಟ್ಟಿನ ಗೆರೆಯಿಂದ ಆಚೆಯದಕ್ಕೆ ಎಟುಕಲೇ ಇಲ್ಲ. ಮಕ್ಕಳ ಗಿಟಾರಿನಂತೆ ಕುತ್ತಿಗೆ ಗಿಡ್ಡ ಇದ್ದರೆ ಫ್ರೆಟ್ಟುಗಳು ಹತ್ತಿರ ಹತ್ತಿರ ಇರುತ್ತವಲ್ಲ, ಆಗ ಎಟುಕಬಹುದು ಅನ್ನಿಸಿತು. ಅದಕ್ಕೇ ನಿನ್ನನ್ನು ಕೇಳಿದ್ದು.

ನಮ್ಮ ಬೀದಿಯ ಕೊನೆಯಲ್ಲಿ ಮಂಚ, ಮೇಜು ಮಾಡುವ ಖದೀರ್ ಸಾಬರ ಹತ್ತಿರ ಹೋದೆ. ಮಂಚದ ಕೆಲಸದಲ್ಲಿ ಮಿಕ್ಕಿದ್ದ ಹಲಸಿನ ಹಲಗೆಯಲ್ಲಿ ಮೈ ಕೊರೆದುಕೊಟ್ಟರು. ಕುತ್ತಿಗೆ ನಿನ್ನ ಮಗನ ಗಿಟಾರಿನದು. ತಂತಿ ಬಿಗಿಯುವ ಕೀಗಳು ಮೂರು ಬಿಳಿ, ಮೂರು ಕಪ್ಪು. ವಾಲ್ಯೂಮ್ ತಿರುಗಿಸುವ ಗುಂಡಿ ಹಳೇ ರೇಡಿಯೋದ್ದು. ತಂತಿಯ ಸದ್ದು ಹಿಡಿಯುವ ಪಿಕಪ್ ಮಾತ್ರ ಎಲ್ಲೂ ಸಿಗಲಿಲ್ಲ. ಕೊನೆಗೆ ನನ್ನ ಗಿಟಾರನ್ನೇ ಬಿಚ್ಚಿದೆ. ಸ್ಕ್ರೂ ತೆಗೆಯುವಾಗ ಮೀನಾ ಎದ್ದು ಒಳಗೆ ಹೋದಳು.

ಮೊದಲ ಸಲ ತಂತಿ ಕಟ್ಟಿದಾಗ ಒಂದು ಸ್ವರವೂ ನೆಟ್ಟಗಿರಲಿಲ್ಲ. ಕೆಳಗೆ ತಂತಿ ಕೂರುವ ಬ್ರಿಡ್ಜು ಚೂರು ಹಿಂದೆ ಬಿದ್ದಿತ್ತು. ಸಾಬರು ತಲೆ ಕೆರೆದುಕೊಂಡು, "ಮಂಚ ಆದ್ರೆ ಅರ್ಧ ಇಂಚು ಆಚೀಚೆ ಆದ್ರೂ ಮನುಷ್ಯ ಮಲಿಕತಾನೆ ಕಣಪ್ಪ. ಇದು ಒಪ್ಪಾಕಿಲ್ಲ ಅಂತದಲ್ಲ!" ಅಂದರು. ಮತ್ತೆ ಕಿತ್ತು, ತೂತುಗಳಿಗೆ ಕಡ್ಡಿ ಬಡಿದು ಮುಚ್ಚಿ, ಮುಂದಕ್ಕೆ ಕೂರಿಸಿದರು. ಆಮೇಲೆ ನುಡಿಯಿತು ಅಕ್ಕ. ನೋಡೋಕೆ ಚೆಂದವೇನಿಲ್ಲ, ಗಂಟಲು ಕಟ್ಟಿದವರ ದನಿ. ಆದರೂ ಬೆರಳು ಎಟುಕಿತು.

ಅದನ್ನು ಹೆಗಲಿಗೆ ಹಾಕಿಕೊಂಡು ಕೆ.ಆರ್. ನಗರಕ್ಕೆ ಹೋದೆ. ನಮ್ಮ ಆರ್ಕೆಸ್ಟ್ರಾದ ಯಜಮಾನರು ರುದ್ರಸ್ವಾಮಿ ಗೊತ್ತಲ್ಲ, ಅವರ ಮುಂದೆ ಒಂದು ಹಾಡು ಬಾರಿಸಿದೆ. ಬೆರಳಿನ ಒಂದು ಪಟ್ಟಿನಿಂದ ಇನ್ನೊಂದಕ್ಕೆ ಹೋಗೋದು ನನಗೆ ಈಗಲೂ ತುಸು ತಡ. ಅವರು ನೆಲ ನೋಡುತ್ತಾ ಕೇಳಿದರು. "ನೋಡಾನ ಬುಡು ವಸಂತ" ಅಂದರು. ಅಷ್ಟೇ. ಬರುವಾಗ ಬಸ್ಸಿನಲ್ಲಿ ಆ ಗಿಟಾರನ್ನ ಕಿಟಕಿಯಿಂದ ಆಚೆ ಎಸೆಯಬೇಕು ಅನ್ನಿಸಿತ್ತು.

ಆದರೆ ಮುಂದಿನ ವಾರವೇ ಹೇಳಿಕಳಿಸಿದರು. ಎಚ್.ಡಿ. ಕೋಟೆಯಲ್ಲಿ ರಾಜ್ಯೋತ್ಸವದ ಕಾರ್ಯಕ್ರಮ, ಬಂದುಬಿಡು ಅಂತ. ಮೀನಾ ನನ್ನ ಹೊಳೆಯುವ ಅಂಗಿಗೆ ಇಸ್ತ್ರಿ ಮಾಡಿ, ತಾನೇ ಗುಂಡಿ ಹಾಕಿದಳು. ಸ್ಟೇಜಿನಲ್ಲಿ ನನ್ನ ಹಳೇ ಜಾಗದಲ್ಲೇ ನಿಂತೆ. ಸ್ಪೀಕರುಗಳೆಲ್ಲ ಜನರ ಕಡೆಗೆ, ಪಕ್ಕದಲ್ಲಿ ಡ್ರಮ್ಮಿನ ಅಬ್ಬರ, ನನ್ನ ಸದ್ದು ನನಗೆ ಕೇಳುತ್ತಿರಲಿಲ್ಲ. ಜನ ಚಪ್ಪಾಳೆ ತಟ್ಟಿದರು. ರುದ್ರಸ್ವಾಮಿ ಮೈಕಿನಲ್ಲಿ ನನ್ನ ಹೆಸರು ಹೇಳಿದರು.

ಭಾವನವರಿಗೆ ನಮಸ್ಕಾರ ತಿಳಿಸು, ಮಗನಿಗೆ ಮುತ್ತು. ನನ್ನ ಮೇಲೆ, ಅದಕ್ಕಿಂತ ಹೆಚ್ಚಾಗಿ ಮೀನಾಳ ಮೇಲೆ ನಿನ್ನ ಆಶೀರ್ವಾದವಿರಲಿ.

ಇಂತಿ ನಿನ್ನ ತಮ್ಮ,
ವಸಂತ

ಮರೆತ ಮಾತು: ಮರೆತಿರಲಿಲ್ಲ, ಬರೆಯಬಾರದು ಅಂದುಕೊಂಡಿದ್ದೆ. ಕಾರ್ಯಕ್ರಮ ಮುಗಿದ ಮೇಲೆ ನನ್ನ ಗಿಟಾರಿನ ವೈರು ಸುತ್ತಿಕೊಳ್ಳೋಕೆ ಹೋದೆ. ಅದರ ತುದಿ ಎಲ್ಲರ ಸದ್ದು ಹೊಂದಿಸುವ ಮಿಕ್ಸರಿನ ಹಿಂದೆ ನೆಲದ ಮೇಲೆ ಬಿದ್ದಿತ್ತು, ಸಿಕ್ಕಿಸಿಯೇ ಇರಲಿಲ್ಲ. ಗಿಟಾರಿನ ಭಾಗವನ್ನೆಲ್ಲ ಕೀಬೋರ್ಡಿನವನೇ ಬಾರಿಸಿದ್ದನಂತೆ. ಮಿಕ್ಸರ್ ನೋಡಿಕೊಳ್ಳುವ ಲಿಂಗಯ್ಯ ನನ್ನ ಕೈ ಹಿಡಿದುಕೊಂಡ. "ತಪ್ ತಿಳ್ಕಬ್ಯಾಡ ಕಣಣ್ಣ. ಅತ್ತಿಗೇನೇ ಕೆ.ಆರ್. ನಗರಕ್ಕೆ ಬಂದು ಯಜಮಾನರ ಕಾಲಿಗೆ ಬಿದ್ರು. ಬಾರಿಸ್ದಿದ್ರೂ ಪರವಾಗಿಲ್ಲ, ಜೊತೇಲಿ ನಿಲ್ಲುಸ್ಕಳಿ ಅಂದ್ರು."

ಮನೆಗೆ ಬಂದಾಗ ಮೀನಾ ಬಾಗಿಲಲ್ಲೇ ಕಾಯುತ್ತಿದ್ದಳು. "ಎಂಗಾಯ್ತು?" ಅಂದಳು. ಅವಳ ಮುಖ ಎಷ್ಟು ಗೆಲುವಾಗಿತ್ತು ಅಂದರೆ, "ಚೆನ್ನಾಗಾಯ್ತು" ಅಂದುಬಿಟ್ಟೆ. ಮತ್ತೆ ಪಿರಿಯಾಪಟ್ಟಣಕ್ಕೆ ಕರೆದಿದ್ದಾರೆ. ಹೋಗ್ತೀನಿ. ಹೋಗದಿದ್ದರೆ ನನಗೆ ಗೊತ್ತಾಗಿದೆ ಅಂತ ಅವಳಿಗೆ ಗೊತ್ತಾಗುತ್ತೆ. ಅಕ್ಕ, ನೀನು ಅವಳಿಗೆ ಕಾಗದ ಬರೆದಾಗ, ವಸಂತ ಕೋಟೆಯಲ್ಲಿ ಚೆನ್ನಾಗಿ ಬಾರಿಸಿದನಂತಲ್ಲ, ಅಂತ ಒಂದು ಸಾಲು ಸೇರಿಸು.